ಸ್ತೋಯಾನ್ ಭಾಯಿಯ ಮಾವ್ರುದ್ ಬಳ್ಳಿ

ಸ್ಯಾನ್ ಫ್ರಾನ್ಸಿಸ್ಕೋ: ಮಂಜಿನೊಳಗೆ

ನನ್ನ ಚಾಟ್ನಿ ಕತ್ತರಿ ಬೆಂಗಳೂರಿನ ವಿಮಾನ ನಿಲ್ದಾಣದಲ್ಲೇ ಉಳಿಯಿತು. ದ್ರಾಕ್ಷಿ ಕೊಂಬೆ ಸವರುವುದಕ್ಕೆ ನಮ್ಮ ವಿಜಯಪುರದ ಕಡೆ ಚಾಟ್ನಿ ಎನ್ನುತ್ತೇವೆ. ಬೇರೆ ಹೆಂಗಸರ ಕೈಚೀಲದಲ್ಲಿ ಬಾಚಣಿಗೆ ಇರುವ ಹಾಗೆ ನನ್ನ ಚೀಲದಲ್ಲಿ ಆ ಕತ್ತರಿ ಇರುತ್ತದೆ. ತಪಾಸಣೆಯ ಹುಡುಗಿ ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, "ಇದೇನ್ ಮೇಡಂ?" ಎಂದಳು. "ಅದು ನನ್ನ ಬಲಗೈ ಅಂತ ತಿಳಕೊ," ಎಂದೆ. ಆಕೆಗೆ ನಗು ಬರಲಿಲ್ಲ. ಕತ್ತರಿ ಒಂದು ಪ್ಲಾಸ್ಟಿಕ್ ಡಬ್ಬಿಗೆ ಬಿತ್ತು, ನಾನು ವಿಮಾನ ಹತ್ತಿದೆ.

ನಾನು ಹೊರಟದ್ದು ಪ್ರವಾಸಕ್ಕಲ್ಲ. ತಂಗಿ ಶಮೀಮಳ ಮೊಣಕಾಲಿನ ಆಪರೇಷನ್ ಆಗಿತ್ತು. ಅವಳ ಗಂಡ ಕೆಲಸದ ಮೇಲೆ ಬೇರೆ ಊರಿನಲ್ಲಿದ್ದ, ಮಗಳು ಸನಾಗೆ ಪಾಲೋ ಆಲ್ಟೋದಲ್ಲಿ ಆಫೀಸು. "ಆಪಾ, ಆರು ವಾರ ಬಂದು ಹೋಗು," ಎಂದು ಶಮೀಮ್ ಫೋನಿನಲ್ಲಿ ಅತ್ತಳು. ಏಪ್ರಿಲ್ ಚಾಟ್ನಿ ಮುಗಿದಿತ್ತು. ತೋಟವನ್ನು ಮೈದುನನಿಗೆ ಒಪ್ಪಿಸಿ, ನಮ್ಮದೇ ಒಣದ್ರಾಕ್ಷಿಯ ಎರಡು ಪೊಟ್ಟಣ ಕಟ್ಟಿಕೊಂಡು ಬಂದೆ.

ಇಳಿದ ಕೂಡಲೇ ಸನಾ ನನ್ನನ್ನು ಮನೆಗೆ ಒಯ್ಯದೆ ಸಮುದ್ರದ ಕಡೆ ಕಾರು ತಿರುಗಿಸಿದಳು. ಜೂನ್ ತಿಂಗಳೆಂದು ನಾನು ತೆಳ್ಳನೆಯ ಹತ್ತಿ ಸೀರೆ ಉಟ್ಟಿದ್ದೆ. ಹೊರಗೆ ಕಾಲಿಟ್ಟರೆ ಹಲ್ಲು ಕಟಕಟ ಎನ್ನುವ ಗಾಳಿ, ಎದುರಿಗೆ ಬರೀ ಬಿಳಿ ಮಂಜು.

"ಖಾಲಾ, ಅದೇ ಬ್ರಿಡ್ಜು!"

"ಎಲ್ಲೈತಿ?"

"ದೇರ್! ಮಂಜಿನ ಹಿಂದೆ."

ಜಗತ್ತೆಲ್ಲ ನೋಡಲು ಬರುವ ಸೇತುವೆಯನ್ನು ನಾನು ನೋಡದೆಯೇ ಮೆಚ್ಚಿಕೊಂಡೆ. ಅವಳ ಕೋಟನ್ನು ಸೀರೆಯ ಮೇಲೆ ಹಾಕಿಕೊಂಡು ಫೋಟೋ ತೆಗೆಸಿಕೊಂಡೆ. ಅದರಲ್ಲಿ ನಾನೂ ಸರಿಯಾಗಿ ಕಾಣುವುದಿಲ್ಲ.

ಲಿವರ್‌ಮೋರ್: ಬೇಲಿಯ ಈಚೆ

ಫ್ರೀವೇಯಲ್ಲಿ ಒಂದು ತಾಸು ಬಂದದ್ದೇ ತಡ, ಕೋಟು ಬಿಚ್ಚಿ ಎಸೆಯುವಷ್ಟು ಬಿಸಿಲು. ಒಣಗಿದ ಹುಲ್ಲಿನ ಗುಡ್ಡಗಳು, ಸುಡುವ ಗಾಳಿ. ಅಯ್ಯೋ, ನಮ್ಮೂರು ಟಿಕೋಟಾನೇ ಅನ್ನಿಸಿ ಖುಷಿಯಾಯಿತು. ಈ ಒಣಹುಲ್ಲಿಗೆ ಇವರು ಬಂಗಾರದ ಗುಡ್ಡ ಎನ್ನುತ್ತಾರಂತೆ. ನಮ್ಮಲ್ಲಾದರೆ ದನಕ್ಕೆ ಮೇವಿಲ್ಲ ಎಂದು ತಲೆಮೇಲೆ ಕೈಹೊತ್ತು ಕೂರುತ್ತಿದ್ದೆವು.

ಶಮೀಮ್ ಇರುವ ಲಿವರ್‌ಮೋರ್ ಊರ ಸುತ್ತ ದ್ರಾಕ್ಷಿ ತೋಟಗಳು. ಎಲ್ಲವೂ ವೈನಿಗೆ. ನಾವು ಮನೆಮಂದಿಯೆಲ್ಲ ಹುಟ್ಟಿದಾಗಿನಿಂದ ದ್ರಾಕ್ಷಿಯ ನಡುವೆ ಇದ್ದರೂ ವೈನನ್ನು ಮೂಸಿ ನೋಡಿದವರಲ್ಲ. ನಮ್ಮ ಹಣ್ಣು ಒಣಗಿಸಲಿಕ್ಕೆ, ತಿನ್ನಲಿಕ್ಕೆ. ಆದರೂ ಬಳ್ಳಿ ಬಳ್ಳಿಯೇ. ಕಾರಿನ ಕಿಟಕಿಯಿಂದಲೇ ತಪ್ಪು ಹುಡುಕತೊಡಗಿದೆ. ಇವರ ಬಳ್ಳಿ ಸೊಂಟದೆತ್ತರಕ್ಕೆ ನಿಂತುಬಿಡುತ್ತದೆ. ವರ್ಷಕ್ಕೆ ಒಂದೇ ಚಾಟ್ನಿ, ಅದೂ ಚಳಿಗಾಲದಲ್ಲಿ ಬಳ್ಳಿ ಎಲೆ ಉದುರಿಸಿ ಮಲಗಿದಾಗ. ನಮ್ಮ ಬಳ್ಳಿಗೆ ಮಲಗುವ ಭಾಗ್ಯವೇ ಇಲ್ಲ, ಏಪ್ರಿಲಿನಲ್ಲಿ ಒಮ್ಮೆ, ಅಕ್ಟೋಬರಿನಲ್ಲಿ ಒಮ್ಮೆ ಕತ್ತರಿ ಆಡಲೇಬೇಕು. "ಎಷ್ಟು ಆರಾಮ ಅದಾರ ನೋಡು ಇವರು," ಎಂದೆ. ಸನಾ, "ಖಾಲಾ, ಯೂ ಆರ್ ಆನ್ ವೆಕೇಷನ್," ಎಂದಳು.

ಶಮೀಮಳ ಅಡುಗೆಮನೆಯ ಕಿಟಕಿಗೆ ಪಕ್ಕದ ಮನೆಯ ಹಿತ್ತಲು ಕಾಣುತ್ತದೆ. ನಡುವೆ ಎದೆಮಟ್ಟದ ಮರದ ಬೇಲಿ, ಅದಕ್ಕೊಂದು ಸಣ್ಣ ಗೇಟು. ಮೂರನೇ ದಿನ ಬೆಳಿಗ್ಗೆ ನೋಡುತ್ತೇನೆ, ಒಬ್ಬ ಎತ್ತರದ ಮುದುಕ ಬೇಲಿಯುದ್ದಕ್ಕೆ ಹಬ್ಬಿದ ದ್ರಾಕ್ಷಿಯಿಂದ ಎಳೆ ಎಲೆಗಳನ್ನು ಒಂದೊಂದಾಗಿ ಕಿತ್ತು ಬಟ್ಟಲಿಗೆ ಹಾಕುತ್ತಿದ್ದಾನೆ. ನನ್ನ ಜೀವ ಚುರ್ ಎಂದಿತು. ಎಲೆ ಎಂದರೆ ಬಳ್ಳಿಯ ಒಲೆ, ಎಲೆ ಹೋದರೆ ಹಣ್ಣಿಗೆ ಸಿಹಿ ಎಲ್ಲಿಂದ ಬರಬೇಕು? ಕಿಟಕಿ ಸರಿಸಿ, ನನಗೆ ಬಂದಷ್ಟು ಇಂಗ್ಲಿಷಿನಲ್ಲಿ ಕೂಗಿದೆ: "ಬೇಡ! ಎಲೆ ಬೇಡ! ಬಳ್ಳಿ ಅಳುತ್ತದೆ!"

ಮುದುಕ ತಿರುಗಿ ನೋಡಿದ. ಬಟ್ಟಲನ್ನು ಎತ್ತಿ ತೋರಿಸಿದ. "ಊಟಕ್ಕೆ," ಎಂದ.

"ಮರ್ಯಾದೆ ತೆಗಿತಿ ನೋಡು ಆಪಾ," ಎಂದು ಒಳಗಿನಿಂದ ಶಮೀಮ್ ಹಣೆ ಬಡಿದುಕೊಂಡಳು. "ಅವರು ಸ್ತೋಯಾನ್ ಅಂಕಲ್. ಬಲ್ಗೇರಿಯಾದವರು. ಹೆಂಡತಿ ತೀರಿಕೊಂಡು ಎರಡು ವರ್ಷ ಆತು. ಯಾರ ತಂಟೆಗೂ ಬರಂಗಿಲ್ಲ ಪಾಪ."

ಬೇಲಿಯ ಆಚೆ

ಸಂಜೆ ಅವರೇ ಗೇಟು ತಳ್ಳಿಕೊಂಡು ಬಂದರು. ಕೈಯಲ್ಲಿ ತಟ್ಟೆ. ದ್ರಾಕ್ಷಿ ಎಲೆಯಲ್ಲಿ ಅನ್ನ ಸುತ್ತಿ ಬೇಯಿಸಿದ ಬೆರಳುದ್ದದ ಸುರುಳಿಗಳು, ಸರ್ಮಿ ಅಂತೆ. ನಾನು ಹಿಂದೆಮುಂದೆ ನೋಡುವಷ್ಟರಲ್ಲಿ, "ಮಾಂಸ ಹಾಕಿಲ್ಲ. ಸನಾಳನ್ನು ಕೇಳಿಯೇ ಮಾಡಿದ್ದು," ಎಂದರು. ಐವತ್ತೈದು ವರ್ಷ ದ್ರಾಕ್ಷಿ ಎಲೆಯನ್ನು ಆಡಿಗೆ ಹಾಕಿದವಳು ನಾನು, ಅವತ್ತು ಆರು ಸುರುಳಿ ತಿಂದೆ. ಬದಲಿಗೆ ನಮ್ಮ ಒಣದ್ರಾಕ್ಷಿ ಕೊಟ್ಟೆ. ಅವರು ಒಂದನ್ನು ಬೆಳಕಿಗೆ ಹಿಡಿದು ನೋಡಿ, ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ ಜಗಿದರು. ಬೆಳೆದವರು ಮಾತ್ರ ಹಾಗೆ ತಿನ್ನುತ್ತಾರೆ.

ಮರುದಿನದಿಂದ ದಿನಾ ನಾಲ್ಕು ಗಂಟೆಗೆ ನಾನು ಆಚೆ ಹೋಗತೊಡಗಿದೆ. ಅವರು ವೈನ್ ಮಾಡುವವರೆಂದು ಗೊತ್ತಾಗಿ ಮೊದಲು ಮುಜುಗರವಾಗಿತ್ತು. ಆದರೆ ನನ್ನ ಮುಂದೆ ಅವರು ಒಂದು ದಿನವೂ ಬಾಟಲಿ ಇಡಲಿಲ್ಲ. ಮಜ್ಜಿಗೆ ಇಡುತ್ತಿದ್ದರು! ಅವರ ದೇಶದಲ್ಲೂ ಮೊಸರು ಕಡೆದು, ನೀರು ಬೆರೆಸಿ, ಉಪ್ಪು ಹಾಕಿ ಕುಡಿಯುತ್ತಾರೆ. ನಾನು ಜೀರಿಗೆ, ಹಸಿಶುಂಠಿ ಹಾಕಿ ತೋರಿಸಿದೆ. ಅವರು ಒಂದು ಗುಟುಕು ಕುಡಿದು ಕೆಮ್ಮಿ, "ಇದು ಔಷಧಿ," ಎಂದರು. ಆಮೇಲೆ ಅದನ್ನೇ ಕೇಳತೊಡಗಿದರು. ಅವರ ಇಂಗ್ಲಿಷು ಮುಗ್ಗರಿಸುತ್ತಿತ್ತು, ನನ್ನದು ತೆವಳುತ್ತಿತ್ತು. ಇಬ್ಬರಿಗೂ ಅವಸರವಿರಲಿಲ್ಲ. ನಾನು ಅವರನ್ನು ಸ್ತೋಯಾನ್ ಭಾಯಿ ಎಂದೆ, ಅವರು ನನ್ನನ್ನು ರಜಿಯಾ ಎಂದರು.

ಹಿತ್ತಲ ಮೂಲೆಯಲ್ಲಿ ಒಂಟಿಯಾಗಿ ಇನ್ನೊಂದು ಬಳ್ಳಿ ಇತ್ತು. ತೊಡೆ ದಪ್ಪದ ಬೊಡ್ಡೆ, ತೊಗಟೆ ಸೀಳಿ ಒಳಗೆಲ್ಲ ಕಪ್ಪು. ಒಂದು ತೋಳು ಪೂರ್ತಿ ಒಣಗಿತ್ತು, ಇನ್ನೊಂದರಲ್ಲಿ ಅಂಗೈಗಿಂತ ಸಣ್ಣ, ಅಂಚು ಸುಟ್ಟ ಹಳದಿ ಎಲೆಗಳು. ಈ ರೋಗವನ್ನು ನಾನು ನಮ್ಮಲ್ಲೂ ಕಂಡಿದ್ದೇನೆ. ಅದಕ್ಕೆ ಮದ್ದಿಲ್ಲ.

"ಮಾವ್ರುದ್," ಎಂದರು ಸ್ತೋಯಾನ್ ಭಾಯಿ, ಮನೆಯವರನ್ನು ಪರಿಚಯಿಸುವ ಹಾಗೆ.

ಅದು ಅವರ ನಾಡಿನ ಹಳೆಯ ಕೆಂಪು ವೈನಿನ ದ್ರಾಕ್ಷಿ. ಸಣ್ಣ ಕಾಯಿ, ದಪ್ಪ ಸಿಪ್ಪೆ, ಕಪ್ಪು ಬಣ್ಣ. ಉಳಿದ ದ್ರಾಕ್ಷಿಗಳೆಲ್ಲ ಕೊಯ್ಲಾಗಿ ಜನ ಮನೆ ಸೇರಿದ ಮೇಲೂ ಇದು ಅಕ್ಟೋಬರ್ ಕೊನೆಯವರೆಗೆ ಹಣ್ಣಾಗದೆ ಮೊಂಡು ಹಿಡಿಯುತ್ತದಂತೆ. ಅಸೆನೋವ್‌ಗ್ರಾದ್ ಎಂಬ ಊರಿನ ಹತ್ತಿರ ಅವರ ತಂದೆಗೆ ಒಂದು ತುಂಡು ತೋಟವಿತ್ತು. ದೇಶ ಬಿಟ್ಟ ವರ್ಷ ಅಲ್ಲಿಂದ ಒಂದು ಕಡ್ಡಿಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದಿದ್ದರು. "ಹೇಗೆ ತಂದೆ ಅಂತ ಕೇಳಬೇಡಿ," ಎಂದು ಕಣ್ಣು ಮಿಟುಕಿಸಿದರು. ತಂದೆ ಸತ್ತ ಮೇಲೆ ಆ ತೋಟವನ್ನು ಕಿತ್ತು, ಆ ಜಾಗದಲ್ಲಿ ಗೋದಾಮು ಕಟ್ಟಿದರಂತೆ.

"ನಿಮ್ಮ ದೇಶದಾಗ ಮಾವ್ರುದ್ ಈಗಲೂ ಐತಲ್ಲ?" ಎಂದು ನಾನು ಸಮಾಧಾನಕ್ಕೆ ಕೇಳಿದೆ.

"ಇದೆ. ಜನರೂ ಇದ್ದಾರೆ," ಎಂದರು. "ನಮ್ಮಪ್ಪ ಇಲ್ಲ."

ನೀರು ಮಾತ್ರ

ಐದನೇ ವಾರ ಸ್ತೋಯಾನ್ ಭಾಯಿಯ ಕಣ್ಣಿನ ಪೊರೆ ತೆಗೆಯುವುದಿತ್ತು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮಗಳ ಮನೆಯಲ್ಲಿ ಎರಡು ದಿನ ಇದ್ದು ಬರುವುದಾಗಿ ಹೇಳಿ, ನೀರಿನ ಪೈಪನ್ನು ನನ್ನ ಕೈಗೆ ಕೊಟ್ಟರು. "ಮಾವ್ರುದ್ ಬುಡಕ್ಕೆ ಸ್ವಲ್ಪ. ನೀರು ಮಾತ್ರ," ಎಂದು ಒಂದು ಬೆರಳು ಎತ್ತಿ ತೋರಿಸಿದರು. ನೀರು ಮಾತ್ರ. ಎರಡು ಸಲ ಹೇಳಿದರು.

ಬುಧವಾರ ಬೆಳಿಗ್ಗೆ ನೀರು ಬಿಡಲು ಹೋದೆ. ಬುಡದ ಹುಲ್ಲು ಸರಿಸಿದರೆ, ನೆಲಕ್ಕೆ ಅಂಟಿದಂತೆ ಬೊಡ್ಡೆಯಿಂದ ಒಂದು ಚಿಗುರು ಹೊರಟಿದೆ. ಎರಡೂವರೆ ಅಡಿ ಉದ್ದ, ಹೆಬ್ಬೆರಳಿನ ಗಾತ್ರ, ದಟ್ಟ ಹಸಿರು ಎಲೆ.

ಇಲ್ಲಿ ನಮ್ಮ ಕಸುಬಿನ ಒಂದು ಮಾತು ಹೇಳಬೇಕು. ನಮ್ಮ ಕಡೆ ದ್ರಾಕ್ಷಿಯನ್ನು ಯಾರೂ ನೇರವಾಗಿ ನೆಡುವುದಿಲ್ಲ. ಕಾಡುದ್ರಾಕ್ಷಿಯ ಗಿಡ ನೆಟ್ಟು, ಅದರ ಮೇಲೆ ಒಳ್ಳೆಯ ತಳಿಯ ಕಸಿ ಕಟ್ಟುತ್ತೇವೆ. ಹಾಗಾಗಿ ಬುಡದಿಂದ ಬಂದ ಚಿಗುರೆಂದರೆ ಕಾಡಿನದು, ಕಳ್ಳ. ಮೇಲಿನ ಬಳ್ಳಿಯ ಊಟ ಕಸಿಯುವಂಥದ್ದು. ಅದನ್ನು ಕತ್ತರಿಸಬಾರದು, ಕತ್ತರಿಸಿದರೆ ಬುಡದಲ್ಲಿ ಉಳಿದ ಚಿಗುರುಗಣ್ಣಿನಿಂದ ಮತ್ತೆ ಬರುತ್ತದೆ. ಬುಡ ಹಿಡಿದು, ಕೆಳಕ್ಕೆ ಬಗ್ಗಿಸಿ, ಒಂದೇ ಜಗ್ಗಿಗೆ ಕಣ್ಣುಸಮೇತ ಕೀಳಬೇಕು. ಮತ್ತೆಂದೂ ಚಿಗುರದ ಹಾಗೆ ಕೀಳುವುದೇ ಜಾಣತನ. ಅದರಲ್ಲಿ ನನ್ನ ಕೈಗೆ ಸುತ್ತ ನಾಲ್ಕು ಊರಲ್ಲಿ ಹೆಸರಿದೆ.

ಎಲೆ ನೋಡಬೇಕಿತ್ತು ಎನ್ನುತ್ತೀರಾ? ನೋಡಿದೆ. ಮೇಲಿನವು ಸಣ್ಣವು, ಹಳದಿ. ಕೆಳಗಿನವು ದೊಡ್ಡವು, ಹಸಿರು. ಬೇರೆ ಜಾತಿಯೇ ಎನ್ನಿಸಿತು. ಮೇಲಿನದು ರೋಗದಿಂದ ಕುಗ್ಗಿದೆ ಎಂದು ಗೊತ್ತಿದ್ದೂ ಆ ಕ್ಷಣ ಹೊಳೆಯಲಿಲ್ಲ. ಪಾಪ, ಮುದುಕರಿಗೆ ಬಗ್ಗಲಿಕ್ಕಾಗುವುದಿಲ್ಲ, ಕಣ್ಣೂ ಕಾಣುವುದಿಲ್ಲ, ಈ ಕಳ್ಳ ಬಳ್ಳಿಯ ಜೀವ ಹೀರುತ್ತಿದೆ, ನಾನು ಮಾಡಿಕೊಡುತ್ತೇನೆ ಎಂದುಕೊಂಡೆ. ಕೈ ತಾನಾಗಿ ಹೋಯಿತು. ಒಂದೇ ಜಗ್ಗು.

ಚಿಗುರಿಗೆ ಸುತ್ತಿದ್ದ ಕೆಂಪು-ಬಿಳಿ ದಾರದ ತುಂಡೊಂದು ಕೆಳಗೆ ಬಿತ್ತು. ಎಲ್ಲಿಂದಲೋ ಹಾರಿ ಬಂದದ್ದಿರಬೇಕೆಂದು ಅದನ್ನೂ ಸೇರಿಸಿ ಗುಡಿಸಿದೆ. ಬುಡಕ್ಕೆ ಮಣ್ಣು ಏರಿಸಿದೆ, ಪಾತಿ ಮಾಡಿದೆ, ನೀರು ಬಿಟ್ಟೆ. ಕಸವನ್ನೆಲ್ಲ ಹಸಿರು ಡಬ್ಬಿಗೆ ಹಾಕಿದೆ. ಇಲ್ಲಿ ಎಲೆ-ಕಡ್ಡಿಗೆ ಒಂದು ಡಬ್ಬಿ, ಕಾಗದ-ಬಾಟಲಿಗೆ ಒಂದು, ಉಳಿದದ್ದಕ್ಕೆ ಒಂದು. ಈ ಶಿಸ್ತನ್ನು ನಾನು ಮೊದಲ ವಾರದಲ್ಲೇ ಕಲಿತು ಶಮೀಮಳಿಂದ ಶಹಬಾಸ್ ಪಡೆದಿದ್ದೆ. ಗುರುವಾರ ಬೆಳಿಗ್ಗೆ ಲಾರಿ ಬಂತು, ಕಬ್ಬಿಣದ ಕೈ ಚಾಚಿ ಡಬ್ಬಿಯನ್ನು ಎತ್ತಿ ಬೋರಲು ಹಾಕಿಕೊಂಡು ಹೋಯಿತು. ಆ ಯಂತ್ರವನ್ನು ನಿಂತು ನೋಡಿ ಮೆಚ್ಚಿದೆ ಬೇರೆ.

ಗುರುವಾರ ಮಧ್ಯಾಹ್ನ

ಸ್ತೋಯಾನ್ ಭಾಯಿ ಕಪ್ಪು ಕನ್ನಡಕ ಹಾಕಿಕೊಂಡು ಬಂದಿಳಿದರು. ನಾನು ಗೇಟಿನಲ್ಲೇ ಕಾಯುತ್ತಿದ್ದೆ, ಹೊಗಳಿಕೆಗೆ. ಅವರು ನೇರ ಮೂಲೆಗೆ ಹೋದರು. ನಿಧಾನ ಮೊಣಕಾಲೂರಿದರು. ಬುಡದಲ್ಲಿ ಕೈಯಾಡಿಸಿದರು. ಬೆರಳು ಬೊಡ್ಡೆಯ ಮೇಲೆ ಒಂದು ಕಡೆ ನಿಂತಿತು, ನಾನು ಕಿತ್ತ ಜಾಗದಲ್ಲಿ.

"ಇಲ್ಲೊಂದು ಚಿಗುರಿತ್ತು," ಎಂದರು.

"ಅದು ಕಾಡಿನದಲ್ಲವೇ? ಕಸಿ ಗಿಡದ್ದು?" ಎಂದು ಹೇಗೋ ಕೇಳಿದೆ.

"ಕಸಿ ಎಲ್ಲಿಯದು? ನಮ್ಮಪ್ಪನ ಕಡ್ಡಿಯನ್ನೇ ಮಣ್ಣಿಗೆ ಊರಿದ್ದು. ಬೇರಿನಿಂದ ತುದಿಯವರೆಗೆ ಮಾವ್ರುದ್." ಅವರು ಬೊಡ್ಡೆಯನ್ನು ತಟ್ಟಿದರು. "ಇದು ಸಾಯುತ್ತಿದೆ. ಮೂರು ವರ್ಷದಿಂದ ಕಾಯುತ್ತಿದ್ದೆ, ಈ ಸಲ ಬುಡದಿಂದ ಒಂದು ಹುಟ್ಟಿತು. ನಮ್ಮಲ್ಲಿ ವಸಂತದಲ್ಲಿ ಚಿಗುರಿದ ಗಿಡಕ್ಕೆ ಕೆಂಪು-ಬಿಳಿ ದಾರ ಕಟ್ಟುತ್ತೇವೆ, ಕಟ್ಟಿದ್ದೆ. ಚಳಿಗಾಲದಲ್ಲಿ ಮುದಿಯದನ್ನು ಕಡಿದು ಇದನ್ನೇ ಮೇಲೆತ್ತಬೇಕು ಅಂತಿದ್ದೆ."

ಹೇಳಬೇಕಿತ್ತು. ಆಗಲೇ, ಅಲ್ಲೇ. ಬಾಯಿ ತೆರೆದೆ ಕೂಡ. ಅಷ್ಟರಲ್ಲಿ ಅವರು ನನ್ನ ಮುಖವನ್ನೊಮ್ಮೆ ನೋಡಿ, ಎದ್ದು ಮೊಣಕಾಲಿನ ಮಣ್ಣು ಕೊಡವಿ, "ಜಿಂಕೆ ಇರಬೇಕು," ಎಂದರು. "ಗುಡ್ಡದಿಂದ ಬರುತ್ತವೆ. ಏನು ಮಾಡುವುದು."

ನಾನು, "ಹೌದು, ಜಿಂಕೆ," ಎಂದೆ.

ಇದನ್ನು ಬರೆಯುವಾಗ ಈಗಲೂ ಕಿವಿ ಬಿಸಿಯಾಗುತ್ತದೆ. ನಮ್ಮ ತೋಟಕ್ಕೆ ಚಿಗರೆ, ಅಂದರೆ ಜಿಂಕೆ, ನುಗ್ಗಿದ್ದನ್ನು ನಾನು ಎಷ್ಟು ಸಲ ಕಂಡಿಲ್ಲ! ಅದು ತುದಿ ಕಡಿಯುತ್ತದೆ, ಮೋಟು ಉಳಿಯುತ್ತದೆ. ಬುಡದ ಕಣ್ಣು ತೆಗೆಯುವುದು ಮನುಷ್ಯರ ಕೈ ಮಾತ್ರ.

ಪಾಲೋ ಆಲ್ಟೋ: ತಪ್ಪಿಸಿಕೊಂಡ ದಿನಗಳು

ನಾಲ್ಕು ಗಂಟೆಗೆ ಆಚೆ ಹೋಗುವುದನ್ನು ನಿಲ್ಲಿಸಿದೆ. ಮೊದಲ ದಿನ ತಲೆನೋವು, ಎರಡನೇ ದಿನ ಶಮೀಮಳ ಕಾಲಿಗೆ ಎಣ್ಣೆ, ಮೂರನೇ ದಿನ ನೆಪವೂ ಸಿಗಲಿಲ್ಲ. ಕಿಟಕಿಗೆ ಪರದೆ ಎಳೆದೆ. ಪರದೆಯ ಸಂದಿಯಿಂದ ನೋಡಿದರೆ ಅವರು ಮೇಜಿನ ಮೇಲೆ ಎರಡು ಲೋಟ ಮಜ್ಜಿಗೆ ಇಟ್ಟುಕೊಂಡು ಕೂತಿರುತ್ತಿದ್ದರು. ಐದು ಗಂಟೆಗೆ ಒಂದನ್ನು ಕುಡಿದು, ಇನ್ನೊಂದನ್ನು ಒಳಗೆ ಒಯ್ಯುತ್ತಿದ್ದರು.

ಮನೆಯಲ್ಲಿ ವಿಷಯ ಬಿಚ್ಚಿದೆ.

"ಸುಮ್ನಿರು ಆಪಾ," ಎಂದಳು ಶಮೀಮ್. "ಅವರ ಬಾಯಾಗಿಂದನ ಜಿಂಕಿ ಅಂತ ಬಂದೈತಿ. ನೀ ಇವತ್ತಲ್ಲ ನಾಳೆ ವಿಜಯಪುರಕ್ಕ ಹೋಗಾಕಿ. ನಾ ಇಲ್ಲೆ ಇರಾಕಿ, ದಿನಾ ಅವರ ಮಾರಿ ನೋಡಾಕಿ."

ಸನಾ ಲ್ಯಾಪ್‌ಟಾಪಿನಿಂದ ಕಣ್ಣೆತ್ತದೆ, "ಖಾಲಾ, ಜಸ್ಟ್ ಟೆಲ್ ಹಿಮ್," ಎಂದಳು. ಇಪ್ಪತ್ತಾರು ವರ್ಷದವಳಿಗೆ ಅದು ಅಷ್ಟು ಸುಲಭ.

ಸೋಮವಾರ ಅವಳ ಜತೆ ಪಾಲೋ ಆಲ್ಟೋಗೆ ಹೊರಟೆ. ನೋಡುವ ಆಸೆಯಿಂದಲ್ಲ, ನಾಲ್ಕು ಗಂಟೆಯಿಂದ ತಪ್ಪಿಸಿಕೊಳ್ಳಲು. ಅವಳು ಆಫೀಸಿಗೆ ಹೋದಳು, ನನ್ನನ್ನು ಪಕ್ಕದ ವಿಶ್ವವಿದ್ಯಾಲಯದ ಅಂಗಳದಲ್ಲಿ ಬಿಟ್ಟಳು. ಕಮಾನುಗಳು, ತಾಳೆಮರಗಳು, ಸೈಕಲ್ ಮೇಲೆ ಹಾರುವ ಮಕ್ಕಳು. ಊರಿಗೆ ಹೋಗಿ ಹೇಳಿಕೊಳ್ಳುವಂಥ ಜಾಗ. ನಾನು ಒಂದು ಬೆಂಚಿನ ಮೇಲೆ ಕೂತು ಇಂಗ್ಲಿಷ್ ವಾಕ್ಯ ಜೋಡಿಸುತ್ತಿದ್ದೆ. "ಸ್ತೋಯಾನ್ ಭಾಯಿ, ಜಿಂಕೆ ಅಲ್ಲ, ನಾನು." ಹೆಸರು ಬಿಟ್ಟರೆ ಮೂರೇ ಪದ. ಮಕ್ಕಳಂತೆ ಬಾಯಿಪಾಠ ಮಾಡಿದೆ. ಎದುರಿನ ಬೆಂಚಿನ ಹುಡುಗಿ ನಾನು ನಮಾಜಿನ ಸಾಲು ಹೇಳುತ್ತಿದ್ದೇನೆಂದುಕೊಂಡಳೋ ಏನೋ, ಗೌರವದಿಂದ ಫೋನಿನ ಹಾಡು ನಿಲ್ಲಿಸಿದಳು. ಸಂಜೆ ಮನೆಗೆ ಬಂದು ಗೇಟಿನವರೆಗೆ ಹೋದೆ. ಅವರು ಬೆನ್ನು ತಿರುಗಿಸಿ ಆ ಒಣ ಬಳ್ಳಿಗೆ ನೀರು ಬಿಡುತ್ತಿದ್ದರು. ಚಪ್ಪಲಿ ಸದ್ದಾಗದ ಹಾಗೆ ವಾಪಸು ಬಂದೆ.

ತೋಟದ ಕೆಲಸದವರು ತಪ್ಪು ಮಾಡಿದರೆ ನಾನು ಊರು ಕೇಳುವಂತೆ ಬೈಯುವವಳು. ತಪ್ಪು ಒಪ್ಪಿಕೊಳ್ಳದಿದ್ದರೆ ಕೆಲಸದಿಂದಲೇ ಬಿಡಿಸಿದ್ದುಂಟು. ಪರದೆಯ ಹಿಂದೆ ನಿಂತಾಗ ಅವರ ಮುಖಗಳೆಲ್ಲ ನೆನಪಾದವು.

ಹೊರಟ ದಿನ

ಶನಿವಾರ ಮಧ್ಯಾಹ್ನ ವಿಮಾನ. ಪೆಟ್ಟಿಗೆಗಳು ಕಾರಿನೊಳಗೆ ಹೋದವು, ಶಮೀಮಳನ್ನು ತಬ್ಬಿ ಅತ್ತದ್ದಾಯಿತು. ಸನಾ ಕಾರು ಚಾಲೂ ಮಾಡಿದಳು. ನಾನು ಒಂದು ಕಾಲು ಕಾರಿನೊಳಗಿಟ್ಟವಳು ತೆಗೆದು, "ಬಂದೆ," ಎಂದು ಬೇಲಿಯ ಗೇಟಿನ ಕಡೆ ಓಡಿದೆ.

ಸ್ತೋಯಾನ್ ಭಾಯಿ ಮೇಜಿನ ಬಳಿ ಕೂತಿದ್ದರು. ಬಾಯಿಪಾಠ ಮಾಡಿದ ಮೂರು ಪದ ಎಲ್ಲಿ ಹೋದವೋ! ನೇರ ಮೂಲೆಗೆ ಹೋಗಿ, ಬೊಡ್ಡೆಯ ಮುಂದೆ ಬಗ್ಗಿ, ಕೈಯಲ್ಲಿ ಹಿಡಿದು ಬಗ್ಗಿಸಿ ಜಗ್ಗುವ ಹಾಗೆ ಮಾಡಿ ತೋರಿಸಿದೆ. ನನ್ನ ಎದೆ ಮುಟ್ಟಿಕೊಂಡೆ. "ಜಿಂಕೆ ಅಲ್ಲ. ನಾನು. ಕಾಡಿನದು ಅಂತ ತಿಳಿದೆ. ಮಾಫ್ ಮಾಡಿ, ಭಾಯಿ." ಇಂಗ್ಲಿಷು, ಕನ್ನಡ, ಉರ್ದು ಎಲ್ಲ ಕಲಸಿಕೊಂಡು ಬಂತು. ಕಣ್ಣೀರೂ ಬಂತು.

ಅವರು ಎದ್ದು ಬಂದು ನನ್ನನ್ನು ಮೊಣಕೈ ಹಿಡಿದು ಎಬ್ಬಿಸಿದರು.

"ಗೊತ್ತು," ಎಂದರು. "ಜಿಂಕೆ ಬುಡ ಗುಡಿಸುವುದಿಲ್ಲ, ರಜಿಯಾ. ಪಾತಿ ಮಾಡುವುದಿಲ್ಲ."

"ಮತ್ತ ಅವತ್ತ ಯಾಕ..."

"ನಿಮ್ಮ ಮುಖ ನೋಡಿದೆ. ಸತ್ಯ ಹೇಳಿಸಿದರೆ ನಾಚಿಕೆಯಿಂದ ನೀವು ಬರುವುದು ನಿಲ್ಲಿಸುತ್ತೀರಿ ಅನ್ನಿಸಿತು. ಅದಕ್ಕೇ ಜಿಂಕೆ ಅಂದೆ." ಅವರು ಕಪ್ಪು ಕನ್ನಡಕ ತೆಗೆದರು. ಆಪರೇಷನ್ ಆದ ಕಣ್ಣು ಇನ್ನೂ ಕೆಂಪಗಿತ್ತು. "ಜಿಂಕೆ ಅಂತ ನಾನೇ ಹೇಳಿದೆನಲ್ಲ. ಆಮೇಲೂ ಯಾಕೆ ಬರಲಿಲ್ಲ?"

ಬೇಲಿಯಾಚೆ ಸನಾ ಹಾರ್ನ್ ಹೊಡೆದಳು. ಸ್ತೋಯಾನ್ ಭಾಯಿ ಎದುರಿನ ಕುರ್ಚಿ ಎಳೆದು, "ಕೂತುಕೊಳ್ಳಿ," ಎಂದರು. ನಾನು ಕುರ್ಚಿಯ ತುದಿಯಲ್ಲಿ ಕೂತೆ. "ಖಾಲಾ, ಟ್ರಾಫಿಕ್!" ಎಂದು ಕೂಗಿದಳು ಹುಡುಗಿ. ಎದ್ದೆ.

ಚಿಗುರು ಕಿತ್ತದ್ದಕ್ಕೆ ಮಾಫಿ ಕೇಳಿ ಬಂದೆ. ಆ ಮನುಷ್ಯ ಎರಡು ಲೋಟ ಇಟ್ಟುಕೊಂಡು ಕೂತ ಸಂಜೆಗಳಿಗೆ ಕೇಳಲು ಹೊತ್ತು ಸಿಗಲಿಲ್ಲ.